ಸಾಗರದ ಸ್ಕ್ರೀನ್ ಶಿವಮೊಗ್ಗದಲ್ಲಿ: ಸರ್ವರ್ ಸೆಷನ್‌ಗೆ ಕೈ ಹಾಕುವುದು ಹೇಗೆ?

ಅಡಿಕೆ ಮಂಡಿಯ ಸರ್ವರ್ ಶಿವಮೊಗ್ಗದಲ್ಲಿದೆ. ಬಿಲ್ ಹಾಕುವವರು ಸಾಗರ, ತೀರ್ಥಹಳ್ಳಿಯಲ್ಲಿ ಕೂತು ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಲಾಗಿನ್ ಆಗುತ್ತಾರೆ. 'ರಾಶಿ ಅಡಿಕೆ ಬೆಟ್ಟೆ ಅಂತ ಬಿಲ್ ಆಗಿದೆ, ಸರಿ ಮಾಡೋಕೆ ಬರ್ತಿಲ್ಲ' ಎಂದು ಸಾಗರದಿಂದ ಫೋನ್ ಬಂತು ಅಂದುಕೊಳ್ಳಿ. ಆಷಾಢದ ಮಳೆಯಲ್ಲಿ 70 ಕಿ.ಮೀ. ಓಡಬೇಕಿಲ್ಲ. ವಿಂಡೋಸ್ ಸರ್ವರ್‌ನಲ್ಲೇ 'ಶ್ಯಾಡೋ' ಸೌಲಭ್ಯವಿದೆ, ಅಂದರೆ ಅವರ ಸ್ಕ್ರೀನ್ ಅನ್ನು ನೀವಿದ್ದಲ್ಲಿಂದಲೇ ನೋಡಬಹುದು, ಬೇಕಿದ್ದರೆ ನಡೆಸಲೂಬಹುದು. 2012ರ ಆವೃತ್ತಿಯಲ್ಲಿ ಅದನ್ನು ತೆಗೆದಿದ್ದರು. 2012 ಆರ್2ರಲ್ಲಿ ಮತ್ತೆ ಬಂತು.

ಅಡ್ಮಿನ್ ಆಗಿ ಸರ್ವರ್‌ಗೆ ಲಾಗಿನ್ ಆಗಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಕ್ವೆರಿ ಯೂಸರ್' ಎಂದು ಕೊಡಿ. ಯಾರು ಒಳಗಿದ್ದಾರೆ, ಅವರ ಸೆಷನ್ (ಲಾಗಿನ್ ಆಗಿ ತೆರೆದ ಕೆಲಸದ ಜಾಗ) ಐಡಿ ಎಷ್ಟು, ಎರಡೂ ಕಾಣುತ್ತದೆ. ಅದು 3 ಎಂದಿಟ್ಟುಕೊಳ್ಳಿ. ಈಗ 'ಎಂಎಸ್‌ಟಿಎಸ್‌ಸಿ' ಬರೆದು ಜಾಗ ಬಿಡಿ. 'ಸ್ಲ್ಯಾಶ್ ಶ್ಯಾಡೋ ಕೋಲನ್ 3' ಸೇರಿಸಿ. ಇಷ್ಟಕ್ಕೇ ಎಂಟರ್ ಒತ್ತಿದರೆ ಸುಮ್ನೆ ನೋಡಬಹುದು, ಅಷ್ಟೇ. ಮೌಸ್, ಕೀಬೋರ್ಡ್ ನಿಮ್ಮ ಕೈಗೆ ಬೇಕಿದ್ದರೆ ಮತ್ತೆ ಜಾಗ ಬಿಟ್ಟು 'ಸ್ಲ್ಯಾಶ್ ಕಂಟ್ರೋಲ್' ಹಾಕಿ.

ಸಾಗರದವರ ಸ್ಕ್ರೀನ್‌ನಲ್ಲಿ ಒಪ್ಪಿಗೆ ಕೇಳುವ ಪೆಟ್ಟಿಗೆ ಬರುತ್ತದೆ. ಅವರು 'ಯೆಸ್' ಒತ್ತಿದರೆ ಮಾತ್ರ ಮುಂದಿನದು. ಪೆಟ್ಟಿಗೆ ದಿಢೀರ್ ಬಂದರೆ ಗಾಬರಿ ಆಗುತ್ತದೆ ಅಲ್ವಾ? ಮೊದಲೇ ಫೋನಿನಲ್ಲಿ ಹೇಳಿಬಿಡಿ. ಮಾತಾಡುತ್ತಲೇ ಕೆಲಸ ಮಾಡಿ, ಮುಂದಿನ ಸಲ ಅವರೇ ಮಾಡಿಕೊಳ್ಳುತ್ತಾರೆ. ನಿಮಗೆ ಬರೀ ಕಪ್ಪು ಕಂಡರೆ ಅವರು ತಮ್ಮ ರಿಮೋಟ್ ಡೆಸ್ಕ್‌ಟಾಪ್ ವಿಂಡೋವನ್ನು ಮಿನಿಮೈಸ್ ಮಾಡಿರಬಹುದು. ದೊಡ್ಡದು ಮಾಡಲು ಹೇಳಿ.

ಒಪ್ಪಿಗೆ ಕೇಳದೆ ನುಗ್ಗುವ ದಾರಿಯೂ ಇದೆ. ವಿಂಡೋಸ್‌ನ ನಿಯಮಗಳನ್ನು ಇಡುವ ಗ್ರೂಪ್ ಪಾಲಿಸಿಯಲ್ಲಿ ಅದಕ್ಕೆ ಅವಕಾಶ ಕೊಟ್ಟಿರಬೇಕು. ದಯವಿಟ್ಟು ಕೊಡಬೇಡಿ. ಬಿಲ್ ಪಕ್ಕದಲ್ಲೇ ಅವರ ಮಗಳ ಫೀಸ್ ರಸೀದಿ, ಬ್ಯಾಂಕ್ ಲೆಕ್ಕ ತೆರೆದಿರಬಹುದು. ಕದ ತಟ್ಟದೆ ಯಾರ ಮನೆಗೂ ಹೋಗುವುದಿಲ್ಲ, ಇಲ್ಲೂ ಹಾಗೇ ಇರಬೇಕು.

ನಿಮ್ಮ ಲ್ಯಾಪ್‌ಟಾಪ್‌ನಿಂದಲೇ ನೇರ ಶ್ಯಾಡೋ ಮಾಡಲು ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟ್ (ಸಂಪರ್ಕದ ಬಾಗಿಲು) ಸಾಲದು. 445ನೇ ಪೋರ್ಟ್, ಫೈರ್‌ವಾಲ್‌ನ ಶ್ಯಾಡೋ ನಿಯಮ ಕೂಡ ಬೇಕು. ಸರ್ವರ್ ಒಳಗಿಂದ ಮಾಡಿದರೆ ಈ ತಲೆನೋವಿಲ್ಲ. ಹೊರಗಿನಿಂದ ಬರುವುದಾದರೆ ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕವೇ ಬನ್ನಿ. 3389 ಅನ್ನು ಇಂಟರ್‌ನೆಟ್‌ಗೆ ತೆರೆದಿಡುವುದು ಜಾಸ್ತಿ ಅಪಾಯ.

ಕೆಲಸ ಮುಗಿದ ಮೇಲೆ ನಿಮ್ಮ ಶ್ಯಾಡೋ ವಿಂಡೋ ಮಾತ್ರ ಮುಚ್ಚಿ. ಅವರ ಸೆಷನ್ ಇದ್ದಂತೆ ಇರುತ್ತದೆ. ಅವರ ಐಡಿಗೆ 'ಲಾಗಾಫ್' ಕೊಟ್ಟರೆ ಸೇವ್ ಮಾಡದ ಬಿಲ್ ಹೋಗಿಬಿಡುತ್ತದೆ.