ಎಣ್ಣೆ ತಿಳಿಯಾಗಲಿ, ಸತ್ವ ಸೋರದಿರಲಿ

ಶುದ್ಧೀಕರಿಸದ ಕಚ್ಚಾ ಅಡುಗೆ ಎಣ್ಣೆಯಲ್ಲಿ ಅಂಟು, ಮುಕ್ತ ಕೊಬ್ಬಿನಾಮ್ಲ (ಕೊಬ್ಬಿನಿಂದ ಬಿಡಿಯಾದ ಆಮ್ಲ), ಕಮಟು ವಾಸನೆ ಇರುವಂತೆಯೇ ವಿಟಮಿನ್ ಇ ಗುಂಪಿನ ಟೊಕೋಫೆರಾಲ್, ಸ್ಟೆರಾಲ್, ಕ್ಯಾರೊಟಿನ್‌ನಂತಹ ಸತ್ವಗಳೂ ಇರುತ್ತವೆ. ಶುದ್ಧೀಕರಿಸುವಾಗ ನೀರಿನಷ್ಟು ತಿಳಿಯಾಗಲೇಬೇಕೆಂದು ಹಟ ಹಿಡಿದರೆ ಈ ಸತ್ವಗಳೂ ಹೋಗುತ್ತವೆ. ಇಲ್ಲಿನ ಅಳತೆಗಳೆಲ್ಲ 1000 ಕೆಜಿ ಎಣ್ಣೆಗೆ.

ಮೊದಲು ಅಂಟು ತೆಗೆಯಿರಿ. ಎಣ್ಣೆಯನ್ನು 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, 85 ಶೇಕಡಾ ಸಾಂದ್ರತೆಯ ಫಾಸ್ಫಾರಿಕ್ ಆಮ್ಲ ಅರ್ಧದಿಂದ 1 ಕೆಜಿ ಬೆರೆಸಿ. ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕಚ್ಚಿಕೊಂಡ ಅಂಟು ಬರೀ ನೀರಿಗೆ ಬಿಡುವುದಿಲ್ಲ, ಆಮ್ಲ ಬೇಕು. ಬಳಿಕ 20 ಕೆಜಿ ಬಿಸಿನೀರು ಹಾಕಿ, ಅರ್ಧ ಗಂಟೆ ಮೆಲ್ಲಗೆ ಕಲಕಿ, ಅಂಟನ್ನು ಬೇರ್ಪಡಿಸಿ.

ಮುಂದೆ ಮುಕ್ತ ಕೊಬ್ಬಿನಾಮ್ಲವನ್ನು ಕಾಸ್ಟಿಕ್ ಸೋಡಾದಿಂದ ಸಾಬೂನಾಗಿಸಿ ತೆಗೆಯಬೇಕು. ಅದಕ್ಕೆ ಮೊದಲು ಆಮ್ಲಾಂಶವನ್ನು ಅಳೆಯಿರಿ. ಉಳಿದ ಫಾಸ್ಫಾರಿಕ್ ಆಮ್ಲವೂ ಕಾಸ್ಟಿಕ್ ಸೋಡಾ ನುಂಗುತ್ತದೆ. ಮುಕ್ತ ಕೊಬ್ಬಿನಾಮ್ಲ ಶೇ 2 ಇದ್ದರೆ, ಅಂದರೆ 20 ಕೆಜಿ, ಅದನ್ನು 0.142ರಿಂದ (ಒಂದು ಕೆಜಿ ಆಮ್ಲಕ್ಕೆ ಬೇಕಾಗುವ ಸೋಡಾ) ಗುಣಿಸಿ: 2.84 ಕೆಜಿ ಸೋಡಾ. ಅದರ ಮೇಲೆ ಶೇ 10ರಿಂದ 15 ಹೆಚ್ಚುವರಿ ಸಾಕು. ಒಟ್ಟು 3.2 ಕೆಜಿಯನ್ನು 23 ಲೀಟರ್ ನೀರಿನಲ್ಲಿ ಕರಗಿಸಿ, 65ರಿಂದ 70 ಡಿಗ್ರಿಯಲ್ಲಿ ನಿಧಾನವಾಗಿ ಹಾಕಿ. ಒಡೆದ ಹಾಲಿನಂತೆ ಸಾಬೂನಿನ ಚೂರುಗಳು ಕಂಡ ಕೂಡಲೇ ಕಲಕುವ ವೇಗ ತಗ್ಗಿಸಿ, ಇಲ್ಲವಾದರೆ ಎಣ್ಣೆ ಮತ್ತು ಸಾಬೂನು ಮೊಸರಿನಂತೆ ಬೆರೆತು ಬೇರ್ಪಡಿಸಲಾಗದು. ಸೋಡಾ ಹೆಚ್ಚಾದರೆ ಒಳ್ಳೆಯ ಎಣ್ಣೆಯೂ ಸಾಬೂನಾಗುತ್ತದೆ. ಗಸಿ ತೆಗೆದು ಬಿಸಿನೀರಿನಲ್ಲಿ ತೊಳೆಯಿರಿ. ತೊಳೆದ ನೀರಿಗೆ ಕ್ಷಾರ ತೋರಿಸುವ ಫಿನಾಲ್ಫ್ತಲೀನ್ ದ್ರಾವಣ ತೊಟ್ಟಿಕ್ಕಿಸಿ, ಗುಲಾಬಿ ಬಣ್ಣ ಬಂದರೆ ಮತ್ತೊಮ್ಮೆ ತೊಳೆಯಬೇಕು.

ಅಕ್ಕಿ ತೌಡಿನ ಎಣ್ಣೆಗೆ ಮಾತ್ರ ಸೋಡಾ ಮುಟ್ಟಿಸದಿರುವುದೇ ಲೇಸು. ಅದರ ವಿಶೇಷ ಸತ್ವವಾದ ಒರೈಜನಾಲ್ ಬಹುಪಾಲು ಸಾಬೂನಿನ ಗಸಿಯೊಂದಿಗೆ ಹೊರಟುಹೋಗುತ್ತದೆ. ಅಂಟು, ಮೇಣ ಪೂರ್ತಿ ತೆಗೆದು, ಆಮ್ಲವನ್ನು ಕೊನೆಯಲ್ಲಿ ಹಬೆಯಿಂದಲೇ ಹಾರಿಸಿ.

ಬಣ್ಣ ತಗ್ಗಿಸಲು 5ರಿಂದ 10 ಕೆಜಿ ಬ್ಲೀಚಿಂಗ್ ಮಣ್ಣು (ಬಣ್ಣ ಹೀರುವ ಜೇಡಿಮಣ್ಣು), 95 ಡಿಗ್ರಿ, ನಿರ್ವಾತ, 20ರಿಂದ 30 ನಿಮಿಷ. ಸಾಬೂನು ಉಳಿದಿದ್ದರೆ ಮಣ್ಣಿನ ಶಕ್ತಿ ಕುಂದುತ್ತದೆ. ಸೋಸಿದ ಮಣ್ಣನ್ನು ರಾಶಿ ಹಾಕಬೇಡಿ, ಅದರಲ್ಲಿನ ಎಣ್ಣೆ ಗಾಳಿ ತಾಗಿ ತಾನೇ ಹೊತ್ತಿಕೊಳ್ಳಬಹುದು.

ಸತ್ವ ಹೆಚ್ಚು ಹಾಳಾಗುವುದು ನಿರ್ವಾತದಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುವಾಗ. 240 ಡಿಗ್ರಿ ದಾಟಿದರೆ ಟೊಕೋಫೆರಾಲ್, ಸ್ಟೆರಾಲ್ ಹಬೆಯೊಂದಿಗೆ ಹಾರುತ್ತವೆ, ಹಾನಿಕರವಾದ ಟ್ರಾನ್ಸ್ ಕೊಬ್ಬು ಮತ್ತು ಗ್ಲಿಸಿಡಿಲ್ ಎಸ್ಟರ್ ಏರುತ್ತವೆ. ಶಾಖ ಏರಿಸುವ ಬದಲು ಒಳಗಿನ ಒತ್ತಡವನ್ನು 2ರಿಂದ 3 ಮಿಲಿಬಾರ್‌ಗೆ ಇಳಿಸಿ, 200ರಿಂದ 220 ಡಿಗ್ರಿಯಲ್ಲಿ ಹಬೆ ಹಾಯಿಸಿ. ಕೆಂಪು ತಾಳೆ ಎಣ್ಣೆಯ ಕ್ಯಾರೊಟಿನ್ ಈ ಶಾಖವನ್ನೂ ತಡೆಯದು, ಅದಕ್ಕೆ 170 ಡಿಗ್ರಿಯೊಳಗೆ ಮಾಲಿಕ್ಯುಲಾರ್ ಡಿಸ್ಟಿಲೇಶನ್ (ಅತಿ ಕಡಿಮೆ ಒತ್ತಡದ ಭಟ್ಟಿ ಇಳಿಸುವಿಕೆ) ಬೇಕು.

ಕೆಲಸ ಮುಗಿಯಿತೆಂದು ತಕ್ಷಣ ನಿರ್ವಾತ ಬಿಡಬೇಡಿ. 150 ಡಿಗ್ರಿಗಿಂತ ಕೆಳಗಿಳಿದ ಮೇಲೆ 20ರಿಂದ 50 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ, ಅದು ಎಣ್ಣೆ ಕೆಡಿಸುವ ಕಬ್ಬಿಣ, ತಾಮ್ರದ ಶೇಷವನ್ನು ಕಟ್ಟಿಹಾಕುತ್ತದೆ. 60 ಡಿಗ್ರಿಗಿಂತ ಕೆಳಗೆ ತಣಿಸಿ, ಗಾಳಿ ತಾಗದಂತೆ ಸಾರಜನಕ ತುಂಬಿದ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕಿಗೆ ಹರಿಸಿ. ದಾರಿಯಲ್ಲಿ ತಾಮ್ರ ಬೆರೆತ ಹಿತ್ತಾಳೆಯ ವಾಲ್ವ್ ಒಂದಿದ್ದರೂ ಬದಲಿಸಿ.