ಸೂಜಿ ಚುಚ್ಚುವುದು ಇಂಜೆಕ್ಷನ್ ಕೊಟ್ಟಾದ ಮೇಲೆ

ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸಿಬ್ಬಂದಿ ಸುರಕ್ಷತೆ ನೋಡಿಕೊಳ್ಳುವ ನಮಗೆ ಹೆಚ್ಚು ತಲೆನೋವು ತರುವುದು ಇಂಜೆಕ್ಷನ್ ಕೊಟ್ಟ ನಂತರದ ಅರ್ಧ ನಿಮಿಷ. ಸೂಜಿ ಕೈಯಲ್ಲಿ, ಬಳಸಿದ ಸೂಜಿಯಂಥ ಚೂಪು ವಸ್ತು ಹಾಕುವ ‘ಶಾರ್ಪ್ಸ್’ ಡಬ್ಬ ಎಲ್ಲೋ ನರ್ಸಿಂಗ್ ಸ್ಟೇಷನ್ನಿನಲ್ಲಿ. ಆಗ ಒಂದೋ ಕ್ಯಾಪ್ ಹಾಕುತ್ತಾರೆ, ಸಿಸ್ಟರ್ ಬೆರಳಿಗೆ ಚುಚ್ಚುತ್ತದೆ. ಇಲ್ಲವೇ ಹತ್ತಿಯ ಜೊತೆ ಟ್ರೇಯಲ್ಲೇ ಬಿಡುತ್ತಾರೆ, ಟ್ರೇ ತೊಳೆಯುವ ಅಕ್ಕನಿಗೆ ಚುಚ್ಚುತ್ತದೆ. ಹಾಗಾಗಿ ಪೋಸ್ಟರ್ ಅಂಟಿಸುವ ಮೊದಲು ಬಿಳಿ ಶಾರ್ಪ್ಸ್ ಡಬ್ಬವನ್ನೇ ಟ್ರಾಲಿಗೆ ಬಿಗಿದೆವು. ಮುಕ್ಕಾಲು ಮಟ್ಟಕ್ಕೆ ಮಾರ್ಕರ್‌ನಲ್ಲಿ ಗೆರೆ. ಅದಕ್ಕಿಂತ ಮೇಲೆ ತುಂಬಿದರೆ ಒಳಗೆ ಒತ್ತುತ್ತಾರೆ, ಹೊರಚಾಚಿದ ಸೂಜಿ ಅಂಗೈಗೇ ಬರುತ್ತದೆ. ತ್ಯಾಜ್ಯದ ಕೆಂಪು, ಹಳದಿ ಚೀಲಗಳನ್ನು ಬಾಯಿ ಕಟ್ಟಿದ ಜಾಗದಲ್ಲೇ ಹಿಡಿದು, ಮೈಗೆ ತಾಗಿಸದೆ ಒಯ್ಯಬೇಕು. ತಪ್ಪಿ ಒಂದು ಸೂಜಿ ಸೇರಿಕೊಂಡಿದ್ದರೂ ತೊಡೆಗೆ ಚುಚ್ಚುತ್ತದೆ.

ಇದನ್ನೆಲ್ಲ ಶಿಫ್ಟ್ ಬದಲಾಗುವ ಹೊತ್ತಿಗೆ, ವಾರ್ಡಿನಲ್ಲೇ, ತುಳುವಿನಲ್ಲಿ ಹೇಳುವುದು ಒಳ್ಳೆಯದು. ಸಭಾಂಗಣದ ಇಂಗ್ಲಿಷ್ ಸ್ಲೈಡ್‌ಗಳಿಗೆ ಸಹಿ ಬೀಳುತ್ತದೆ, ಪ್ರಶ್ನೆ ಬರುವುದಿಲ್ಲ.

ಚುಚ್ಚಿದರೆ ಹರಿಯುವ ನೀರು, ಸೋಪು, ಅಷ್ಟೇ. ರಕ್ತ ಹಿಂಡುವುದು, ಬೆರಳು ಬಾಯಿಗಿಡುವುದು, ಸ್ಪಿರಿಟ್ ಸುರಿಯುವುದು ಬೇಡ. ಕಣ್ಣಿಗೆ ರಕ್ತ ಹಾರಿದ್ದರೆ ಸಲೈನ್ ಅಥವಾ ನೀರಿನಿಂದ ಚೆನ್ನಾಗಿ ತೊಳೆಯಬೇಕು. ತಕ್ಷಣ ಕ್ಯಾಶುವಾಲ್ಟಿಗೆ (ತುರ್ತು ಚಿಕಿತ್ಸಾ ವಿಭಾಗ) ಹೋಗಬೇಕು. ವೈದ್ಯರು ಅಪಾಯವಿದೆ ಎಂದರೆ ಎಚ್‌ಐವಿ ತಡೆಯುವ ಮಾತ್ರೆ 2 ಗಂಟೆಯೊಳಗೆ ಶುರುವಾದರೆ ಉತ್ತಮ. 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಆ ಸೂಜಿ ಬಳಸಿದ್ದ ರೋಗಿಯ ಎಚ್‌ಐವಿ ರಿಪೋರ್ಟಿಗೆ ಕಾಯಬಾರದು: ಮೊದಲ ಡೋಸ್ ಕೊಟ್ಟು, ನೆಗೆಟಿವ್ ಬಂದರೆ ನಿಲ್ಲಿಸಬಹುದು. ಇಲ್ಲವಾದರೆ 28 ದಿನ. ರಾತ್ರಿ ಫಾರ್ಮಸಿ ಬೀಗದ ಕೀ ಹುಡುಕುವಷ್ಟರಲ್ಲಿ ಗಂಟೆ ಕಳೆಯುತ್ತದೆ, ಆದ್ದರಿಂದ ಆರಂಭದ ಮಾತ್ರೆಗಳು ಕ್ಯಾಶುವಾಲ್ಟಿ ಕಪಾಟಿನಲ್ಲೇ ಇರಬೇಕು.

ಎಚ್‌ಐವಿ ಭಯ ಎಲ್ಲರಿಗೂ ಇದೆ; ಆದರೆ ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಹರಡುವ ಸಾಧ್ಯತೆಯೇ ಬಹಳ ಹೆಚ್ಚು. ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಲಸಿಕೆ ಹಾಕಿಸುವುದನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೇ ಹೇಳುತ್ತವೆ. 0, 1, 6 ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆಯಲ್ಲಿ ಪ್ರತಿಕಾಯ (ರೋಗ ತಡೆಯುವ ಅಂಶ) 10 mIU/mLಗಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಪೂರ್ತಿ ಸರಣಿ. ತೊಡಕು ಮೂರನೆಯ ಡೋಸಿನದು: ಗುತ್ತಿಗೆಯ ಕೆಲಸದವರು ಅಷ್ಟರಲ್ಲಿ ಬೇರೆ ಕಡೆ ಹೋಗಿರುತ್ತಾರೆ. ಲಸಿಕೆ ಕಾರ್ಡನ್ನು ಗುತ್ತಿಗೆದಾರರ ಫೈಲಿನಲ್ಲಿಡದೆ ಅವರ ಕೈಗೇ ಕೊಡುತ್ತೇವೆ. ಕಾರ್ಡಿದ್ದರೆ ಉಳಿದ ಡೋಸನ್ನು ಎಲ್ಲಿಯಾದರೂ ಹಾಕಿಸಿಕೊಳ್ಳಬಹುದು, ತಡವಾದರೂ ಮೊದಲಿನಿಂದ ಶುರುಮಾಡಬೇಕಿಲ್ಲ.

ಸೂಜಿ ಚುಚ್ಚಿದಾಗ ತುಂಬುವ ವರದಿಯ ಫಾರ್ಮಿನಲ್ಲಿ ‘ಯಾರ ತಪ್ಪು’ ಎಂಬ ಕಾಲಂ ಇಟ್ಟಿಲ್ಲ. ಸೂಜಿ ಎಲ್ಲಿ ಸಿಕ್ಕಿತು, ಹತ್ತಿರದ ಡಬ್ಬ ಎಷ್ಟು ಹೆಜ್ಜೆ ದೂರ, ಅದು ಎಷ್ಟು ತುಂಬಿತ್ತು, ಈ ಮೂರೇ ಪ್ರಶ್ನೆ.