ಮೈಗ್ರೇನ್ ಇರುವವರ ಮಿದುಳಿನ ಎಂಆರ್‌ಐ ಅಧ್ಯಯನ: ಯೋಜನೆಯಿಂದ ವರದಿಯವರೆಗೆ

ಮೈಗ್ರೇನ್ ಇರುವವರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸುವ ಮೊದಲೇ ಸಂಶೋಧಕರು ಒಂದು ಪ್ರಶ್ನೆಗೆ ಸ್ಪಷ್ಟ ಉತ್ತರ ಬರೆದಿಟ್ಟುಕೊಳ್ಳಬೇಕು: ಈ ವ್ಯಕ್ತಿ ಇಂದು ತಮ್ಮ ನೋವಿನ ಆವರ್ತದ ಯಾವ ಹಂತದಲ್ಲಿದ್ದಾರೆ? ಎರಡು ನೋವುಗಳ ನಡುವಿನ ಆರಾಮದ ದಿನಗಳು, ನೋವಿಗೆ ಮುಂಚೆ ಆಕಳಿಕೆ, ಆಯಾಸ, ಕುತ್ತಿಗೆಯ ಬಿಗಿತ ಕಾಣಿಸಿಕೊಳ್ಳುವ ಮುನ್ಸೂಚನೆಯ ಹಂತ, ಕೆಲವರಿಗೆ ಕಣ್ಣೆದುರು ಅಂಕುಡೊಂಕಾದ ಗೆರೆಗಳು ಮಿನುಗುವ ಆರಾ, ಆಮೇಲೆ ನೋವು, ನೋವು ಇಳಿದ ಮೇಲಿನ ಬಳಲಿಕೆ, ಇವೆಲ್ಲ ಒಂದೇ ಮಿದುಳಿನ ಬೇರೆ ಬೇರೆ ಸ್ಥಿತಿಗಳು. ಹಂತವನ್ನು ಗುರುತಿಸದೆ ತೆಗೆದ ಚಿತ್ರಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆಯುವುದು, ಜೋಗ ಜಲಪಾತದ ಏಪ್ರಿಲ್ ಮತ್ತು ಜುಲೈ ತಿಂಗಳ ಚಿತ್ರಗಳನ್ನು ಬೆರೆಸಿ ಶರಾವತಿಯ ಹರಿವನ್ನು ಅಳೆದಂತಾಗುತ್ತದೆ. ಯಂತ್ರದ ಶಕ್ತಿಗಿಂತ ಸ್ಕ್ಯಾನ್ ಮಾಡಿದ ಸಮಯವೇ ಈ ಕ್ಷೇತ್ರದಲ್ಲಿ ಹೆಚ್ಚಿನದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕ್ಷೇತ್ರದ ಒಳ್ಳೆಯ ಅಧ್ಯಯನಗಳೂ ಇದನ್ನೇ ತೋರಿಸುತ್ತವೆ. ಬಾಸ್ಟನ್ನಿನಲ್ಲಿ ಎಫ್‌ಎಂಆರ್‌ಐ (ರಕ್ತದ ಬದಲಾವಣೆಯಿಂದ ಮಿದುಳಿನ ಚಟುವಟಿಕೆಯನ್ನು ಗುರುತಿಸುವ ಎಂಆರ್‌ಐ) ಮೂಲಕ ಆರಾದ ಹೊತ್ತಿನಲ್ಲೇ ಮಿದುಳನ್ನು ಗಮನಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದ್ದವರು ಬೆರಳೆಣಿಕೆಯ ರೋಗಿಗಳು. ಆದರೂ ದೃಷ್ಟಿಯ ಕಾರ್ಟೆಕ್ಸ್‌ನ (ನೋಟವನ್ನು ಗ್ರಹಿಸುವ ಮಿದುಳಿನ ಹೊರಪದರದ) ಮೇಲೆ ಒಂದು ಬದಲಾವಣೆ ನಿಮಿಷಕ್ಕೆ ಸುಮಾರು 3.5 ಮಿಲಿಮೀಟರ್ ವೇಗದಲ್ಲಿ ಸರಿದುಹೋಗುವುದನ್ನು ಸಂಶೋಧಕರು ಕಂಡರು. ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ 1941ರಲ್ಲಿ ತಮ್ಮದೇ ಆರಾವನ್ನು ಗಮನಿಸಿ ಲೆಕ್ಕಹಾಕಿದ್ದ 3 ಮಿಲಿಮೀಟರಿಗೆ ಇದು ಬಹಳ ಹತ್ತಿರ. ಹ್ಯಾಂಬರ್ಗ್‌ನ ಸಂಶೋಧಕರು 2016ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಒಬ್ಬರೇ ರೋಗಿಯನ್ನು 30 ದಿನ ಪ್ರತಿದಿನವೂ ಸ್ಕ್ಯಾನ್ ಮಾಡಲಾಯಿತು. ನೋವು ಶುರುವಾಗುವುದಕ್ಕೆ ಮುಂಚಿನ 24 ಗಂಟೆಗಳಲ್ಲಿ ಹೈಪೊಥಲಾಮಸ್‌ನ (ನಿದ್ದೆ, ಹಸಿವುಗಳನ್ನು ನಿಯಂತ್ರಿಸುವ ಮಿದುಳಿನ ಒಳಭಾಗದ) ಚಟುವಟಿಕೆ ಬದಲಾಗಿದ್ದು ಹಾಗೆ ತಿಳಿಯಿತು. ನೂರು ಜನರನ್ನು ಒಂದೊಂದೇ ಸಲ ನೋಡಿದ್ದರೆ ಆ ಸುಳಿವು ಸಿಗುತ್ತಿರಲಿಲ್ಲ.

ಪ್ರಶ್ನೆ ನಿರ್ಧಾರವಾದ ಮೇಲೆ ವಿಧಾನದ ಆಯ್ಕೆ ಕಷ್ಟವಲ್ಲ. ಮಿದುಳಿನ ರಚನೆಗೆ ಸುಮಾರು 1 ಮಿಲಿಮೀಟರ್ ಸ್ಪಷ್ಟತೆಯ ಟಿ1 ಚಿತ್ರ (ಅಂಗರಚನೆಯನ್ನು ತೋರಿಸುವ ಎಂಆರ್‌ಐ ಬಗೆ) ಸಾಕು. ನರತಂತುಗಳ ಹಾದಿಗೆ ಡಿಫ್ಯೂಷನ್ ಎಂಆರ್‌ಐ, ರಕ್ತದ ಹರಿವಿಗೆ ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್, ಮಿದುಳಿನ ಭಾಗಗಳ ನಡುವಿನ ಹೊಂದಾಣಿಕೆಗೆ ವಿಶ್ರಾಂತ ಸ್ಥಿತಿಯ (ಯಾವ ಕೆಲಸವನ್ನೂ ಕೊಡದೆ ಸುಮ್ಮನೆ ಮಲಗಿಸಿ ತೆಗೆಯುವ) ಎಫ್‌ಎಂಆರ್‌ಐ ಬೇಕಾಗುತ್ತದೆ. ರಕ್ತನಾಳಗಳ ಅಗಲವನ್ನು ಅಳೆಯಲು ಎಂಆರ್ ಆಂಜಿಯೋಗ್ರಫಿ ಇದೆ. ಡೆನ್ಮಾರ್ಕ್‌ನ ಸಂಶೋಧಕರು ಅದೇ ವಿಧಾನದಿಂದ, ನೋವಿರುವ ದಿನ ಮತ್ತು ನೋವಿಲ್ಲದ ದಿನ ಅದೇ ವ್ಯಕ್ತಿಗಳನ್ನು ಸ್ಕ್ಯಾನ್ ಮಾಡಿ, ತಲೆಬುರುಡೆಯ ಹೊರಗಿನ ಅಪಧಮನಿಗಳು ನೋವಿನ ವೇಳೆ ಹಿಗ್ಗುವುದಿಲ್ಲವೆಂದು 2013ರಲ್ಲಿ ತೋರಿಸಿದರು. ವ್ಯಕ್ತಿಯನ್ನು ಅದೇ ವ್ಯಕ್ತಿಯೊಂದಿಗೆ ಹೋಲಿಸುವ ಇಂಥ ವಿನ್ಯಾಸಕ್ಕೆ ಅವಕಾಶವಿದ್ದಲ್ಲೆಲ್ಲ ಮೊದಲ ಆದ್ಯತೆ ಕೊಡಿ.

ಭಾಗವಹಿಸುವವರನ್ನು ಆರಿಸುವಾಗ ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣವನ್ನು ಅನುಸರಿಸಬೇಕು. ಅದರಂತೆ ಆರಾ ಇಲ್ಲದ ಮೈಗ್ರೇನ್ ಎನ್ನಲು ಕನಿಷ್ಠ 5 ಸಲವಾದರೂ ನೋವು ಬಂದಿರಬೇಕು, ಚಿಕಿತ್ಸೆ ಇಲ್ಲದಿದ್ದರೆ ಅದು 4ರಿಂದ 72 ಗಂಟೆ ಇರಬೇಕು. ಒಂದೇ ಬದಿಗೆ ಬರುವುದು, ಮಿಡಿಯುವುದು, ಮಧ್ಯಮ ಅಥವಾ ತೀವ್ರವಾಗಿರುವುದು, ನಡೆದಾಟದಿಂದ ಹೆಚ್ಚುವುದು ಎಂಬ ನಾಲ್ಕರಲ್ಲಿ ಎರಡಾದರೂ ಲಕ್ಷಣ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಶಬ್ದ ಎರಡನ್ನೂ ಸಹಿಸಲಾಗದ ಸ್ಥಿತಿ ಇರಬೇಕು. ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆನೋವಿರುವವರನ್ನು ಪ್ರತ್ಯೇಕ ಗುಂಪಾಗಿ ಇಡಿ, ಏಕೆಂದರೆ ಅವರಲ್ಲಿ ಆರಾಮದ ದಿನವೆಂದು ಕರೆಯಲು ದಿನಗಳೇ ಹೆಚ್ಚು ಉಳಿದಿರುವುದಿಲ್ಲ.

ಹೋಲಿಕೆಯ ಗುಂಪಿನ ಆಯ್ಕೆಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮಾತನಾಡಿಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಅಂದಾಜಿನಂತೆ, ವರ್ಷವೊಂದರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇರುತ್ತದೆ. ಅವರಲ್ಲಿ ಅನೇಕರು ಅದನ್ನು ಕಾಯಿಲೆಯೆಂದೇ ಎಣಿಸಿರುವುದಿಲ್ಲ. "ನನಗೆ ಮೈಗ್ರೇನ್ ಗಿಗ್ರೇನ್ ಏನೂ ಇಲ್ಲ, ಪಿತ್ತ ಜಾಸ್ತಿಯಾದಾಗ ತಲೆ ಸಿಡಿಯುತ್ತೆ, ಒಂದು ಸಲ ವಾಂತಿಯಾದರೆ ಸರಿಹೋಗುತ್ತೆ" ಎನ್ನುವವರು ಆರೋಗ್ಯವಂತರ ಗುಂಪಿಗೆ ಸೇರಿಕೊಂಡರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸವೇ ಮಸುಕಾಗುತ್ತದೆ. ಆದ್ದರಿಂದ ಕಾಯಿಲೆಯ ಹೆಸರು ಹೇಳಿ ಕೇಳುವ ಬದಲು ಒಂದೊಂದು ಲಕ್ಷಣವನ್ನೂ ಬಿಡಿಸಿ ಕೇಳಬೇಕು. ತಾಯಿ, ಅಕ್ಕ, ತಂಗಿಯರ ತಲೆನೋವಿನ ಬಗ್ಗೆಯೂ ವಿಚಾರಿಸಬೇಕು.

ಸ್ಕ್ಯಾನ್‌ಗೆ ಕನಿಷ್ಠ ಒಂದು ತಿಂಗಳು ಮುಂಚಿನಿಂದ ತಲೆನೋವಿನ ದಿನಚರಿ ಬರೆಸಿ. ನೋವು ಶುರುವಾದ ಗಂಟೆ, ನಿಂತ ಗಂಟೆ, ನುಂಗಿದ ಮಾತ್ರೆ, ನಿದ್ದೆ, ಮುಟ್ಟಿನ ದಿನ, ಉಪವಾಸ, ಬಿಸಿಲು, ತಲೆಸ್ನಾನ ಇವಿಷ್ಟಕ್ಕೂ ಅದರಲ್ಲಿ ಜಾಗವಿರಲಿ. ತಲೆಗೆ ನೀರು ಹಾಕಿಕೊಂಡ ದಿನ ನೋವು ಬರುವುದನ್ನು ನಮ್ಮಲ್ಲಿ ಅನೇಕರು ಹೇಳುತ್ತಾರೆ, ವಿದೇಶಿ ನಮೂನೆಗಳಲ್ಲಿ ಆ ಪ್ರಶ್ನೆ ಇರುವುದು ಅಪರೂಪ. ನೋವಿಲ್ಲದ ಹಂತವನ್ನು ಅಧ್ಯಯನ ಮಾಡುವುದಾದರೆ ಸ್ಕ್ಯಾನ್‌ನ ಹಿಂದೆಯೂ ಮುಂದೆಯೂ 72 ಗಂಟೆ ನೋವಿರಬಾರದೆಂದು ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ಹಿಂದಿನದನ್ನು ಎಲ್ಲರೂ ಕೇಳುತ್ತಾರೆ; ಮುಂದಿನದನ್ನು ಫೋನ್ ಮಾಡಿ ತಿಳಿದುಕೊಳ್ಳುವ ಕೆಲಸವನ್ನು ಯಾರಾದರೊಬ್ಬರಿಗೆ ಹೆಸರಿಟ್ಟು ಒಪ್ಪಿಸದಿದ್ದರೆ ಅದು ಆಗುವುದಿಲ್ಲ. ಮರುದಿನವೇ ನೋವು ಬಂದಿದ್ದರೆ, ಆರಾಮದ ಚಿತ್ರವೆಂದು ನೀವು ಎಣಿಸಿದ್ದು ಮುನ್ಸೂಚನೆಯ ಹಂತದ ಚಿತ್ರವಾಗಿರುತ್ತದೆ. ಅಮಿಟ್ರಿಪ್ಟಿಲಿನ್, ಟೋಪಿರಮೇಟ್, ಪ್ರೊಪ್ರನೊಲಾಲ್‌ನಂಥ ತಡೆಮದ್ದುಗಳನ್ನು ಮತ್ತು ತಿಂಗಳಿಗೆ ಎಷ್ಟು ದಿನ ನೋವಿನ ಮಾತ್ರೆ ನುಂಗುತ್ತಾರೆಂಬುದನ್ನು ಬರೆದಿಡಿ. ಅಧ್ಯಯನಕ್ಕೆಂದು ಯಾರ ಔಷಧವನ್ನೂ ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಒಪ್ಪಿಗೆ ಪತ್ರ ಭಾಗವಹಿಸುವವರ ಭಾಷೆಯಲ್ಲೇ ಇರಲಿ, ಓದಿ ವಿವರಿಸಲು ಸಮಯ ಕೊಡಿ. ಪೇಸ್‌ಮೇಕರ್, ದೇಹದೊಳಗಿನ ಲೋಹ, ಗರ್ಭಧಾರಣೆ ಕುರಿತ ಪ್ರಶ್ನೆಗಳನ್ನು ಒಮ್ಮೆ ಫೋನಿನಲ್ಲಿ, ಇನ್ನೊಮ್ಮೆ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಕೇಳಬೇಕು. ತಾಳಿ, ಕಾಲುಂಗುರ, ಮೂಗುತಿ, ಓಲೆ, ಹೇರ್‌ಪಿನ್ ಎಲ್ಲವನ್ನೂ ತೆಗೆಯಬೇಕಾಗುತ್ತದೆಂದು ಮೊದಲೇ ತಿಳಿಸಿ. ತಾಳಿ ತೆಗೆಯಲು ಹಿಂಜರಿಯುವವರು ಮನೆಯಿಂದಲೇ ಅರಿಶಿನದ ಕೊಂಬು ಕಟ್ಟಿದ ನೂಲಿನ ದಾರ ಹಾಕಿಕೊಂಡು ಬರಬಹುದು. ಆ ಮಾತನ್ನು ಬಾಗಿಲಲ್ಲಿ ಅವಸರದಿಂದ ಹೇಳಿದರೆ ಮನಸ್ಸು ನೋಯುತ್ತದೆ. ಯಂತ್ರದ ಸದ್ದು ಮೈಗ್ರೇನ್ ಇರುವವರಿಗೆ ಹಿಂಸೆಯೇ ಸರಿ. ಇಯರ್‌ಪ್ಲಗ್ ಮತ್ತು ಹೆಡ್‌ಫೋನ್ ಎರಡನ್ನೂ ಕೊಡಿ, ದೀಪ ಮಂದವಾಗಿರಲಿ, ಕರೆಗಂಟೆಯನ್ನು ಕೈಗಿತ್ತು ಒಮ್ಮೆ ಒತ್ತಿಸಿ ನೋಡಿ. ಒಳಗಿರುವಾಗ ನೋವು ಶುರುವಾದರೆ ಸ್ಕ್ಯಾನ್ ಮುಗಿಸಬೇಕೆಂಬ ಆಸೆ ಬಿಟ್ಟು ಅವರನ್ನು ಹೊರತೆಗೆಯಬೇಕು, ಅವರ ಮಾತ್ರೆ ಕೈಗೆಟಕುವಲ್ಲಿರಬೇಕು.

ಮೈಗ್ರೇನ್‌ನಲ್ಲಿ ಮುಖ್ಯವೆನಿಸುವ ಮಿದುಳುಕಾಂಡದ ನರಗುಚ್ಛಗಳು ಕೆಲವೇ ಮಿಲಿಮೀಟರ್ ಅಗಲದವು. ನಾಡಿ ಮಿಡಿದಂತೆಲ್ಲ ಆ ಭಾಗ ಅಲುಗುತ್ತದೆ. 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಯಂತ್ರದಲ್ಲಿ 2 ಮಿಲಿಮೀಟರ್ ಅಥವಾ ಅದಕ್ಕಿಂತ ಚಿಕ್ಕ ವಾಕ್ಸೆಲ್ (ಚಿತ್ರದ ಅತಿ ಚಿಕ್ಕ ಘನತುಣುಕು) ಬಳಸಿ, ನಾಡಿ ಮತ್ತು ಉಸಿರಾಟವನ್ನು ಜೊತೆಗೇ ದಾಖಲಿಸಿ, ಚಿತ್ರದ ಕೆಳ ಅಂಚು ಕುತ್ತಿಗೆಯ ಮೇಲ್ಭಾಗವನ್ನೂ ಒಳಗೊಂಡಿರಲಿ, ಏಕೆಂದರೆ ಟ್ರೈಜೆಮಿನಲ್ ನರದ ಗುಚ್ಛ ಅಲ್ಲಿಯವರೆಗೂ ಇಳಿದಿದೆ. ಇಡೀ ಮಿದುಳಿಗೆಂದು ಬಳಸುವ 8 ಮಿಲಿಮೀಟರ್ ಸ್ಮೂದಿಂಗನ್ನು (ಅಕ್ಕಪಕ್ಕದ ಬಿಂದುಗಳ ಸರಾಸರಿಯಿಂದ ಚಿತ್ರವನ್ನು ನಯಗೊಳಿಸುವುದನ್ನು) ಇಲ್ಲಿ ಬಳಸಿದರೆ ನೋಡಬೇಕಾದದ್ದೇ ಅಳಿಸಿಹೋಗುತ್ತದೆ.

ವಿಶ್ಲೇಷಣೆಯ ಯೋಜನೆಯನ್ನು ದತ್ತಾಂಶ ನೋಡುವ ಮೊದಲೇ ನೋಂದಾಯಿಸಿ. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಆಕಸ್ಮಿಕವಾಗಿಯೇ ಚಟುವಟಿಕೆಯಂತೆ ಕಾಣುತ್ತವೆ; ಅದಕ್ಕೆ ಬಹುಪರೀಕ್ಷೆಗಳ ತಿದ್ದುಪಡಿ ಮಾಡದಿದ್ದರೆ ಸತ್ತ ಸಾಲ್ಮನ್ ಮೀನಿನಲ್ಲೂ ಮಿದುಳಿನ ಚಟುವಟಿಕೆ ಕಾಣುತ್ತದೆಂದು 2009ರಲ್ಲೇ ತೋರಿಸಲಾಗಿದೆ. ತಲೆ ಅಲುಗಾಟದ ಪ್ರಮಾಣ ಎರಡೂ ಗುಂಪುಗಳಲ್ಲಿ ಸಮನಾಗಿದೆಯೇ ಎಂದು ನೋಡಿ.

ವರದಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಸಾಲು ಮೀಸಲಿಡಿ: ಹಿಂದಿನ ನೋವು ನಿಂತು ಎಷ್ಟು ಗಂಟೆಯಾಗಿತ್ತು, ಮುಂದಿನ ನೋವು ಎಷ್ಟು ಗಂಟೆಗಳ ನಂತರ ಬಂತು, ಯಾವ ಔಷಧವಿತ್ತು. ಮಿದುಳಿನ ಬಿಳಿ ದ್ರವ್ಯದಲ್ಲಿ (ನರತಂತುಗಳಿರುವ ಒಳಭಾಗದಲ್ಲಿ) ಚುಕ್ಕೆಗಳು ಕಂಡರೆ ನರರೋಗ ತಜ್ಞರು ಅಥವಾ ರೇಡಿಯಾಲಜಿಸ್ಟ್ ನೋಡಿ ಭಾಗವಹಿಸಿದವರಿಗೆ ತಿಳಿಸುವ ವ್ಯವಸ್ಥೆ ಮೊದಲೇ ಆಗಿರಬೇಕು. ಮೈಗ್ರೇನ್ ಇರುವವರಲ್ಲಿ ಅಂಥ ಚುಕ್ಕೆಗಳು ಸಾಮಾನ್ಯವಾಗಿ ಕಾಣುವಂಥವೇ ಎಂಬುದನ್ನು, ಮತ್ತು ಈ ಸಂಶೋಧನಾ ಚಿತ್ರದಿಂದ ಅವರ ತಲೆನೋವಿನ ರೋಗನಿರ್ಣಯ ಆಗದೆಂಬುದನ್ನು ಒಪ್ಪಿಗೆ ಪತ್ರದಲ್ಲಿಯೇ ಬರೆದಿರಿ.